ಸೊನ್ನೆ ಮತ್ತು ಮೂರು ನಕ್ಷತ್ರ

ಬರೆಯದೆ ತುಂಬಾ ದಿನ ಆಯ್ತು. ಆಫೀಸು, ಮನೆ ಬದಲಾವಣೆ, ಅದೂ ಇದೂ... ನೆಪ ಹೇಳುವುದು ಬೇಡ ಬಿಡಿ. ಈ ಸಲದ ವಿಷಯ ಕಂಪ್ಯೂಟರ್ ಆಟ. ಆಟ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಎದ್ದು ಹೋಗುತ್ತೀರಿ ಅಂತ ಗೊತ್ತು. ಸ್ವಲ್ಪ ಹೊತ್ತು ಕೂತಿರಿ, ಕಥೆ ಇದೆ.

ಬಾಹ್ಯಾಕಾಶ ನೌಕೆಯ ಆಟಗಳ ಬಗ್ಗೆ ಬರೆಯುವವರೆಲ್ಲ ಲೇಸರು, ಟಾರ್ಪೆಡೋ, ಎಂಜಿನ್ನು ಅಂತ ಬರೆಯುತ್ತಾರೆ. ನನಗೆ ಇತ್ತೀಚೆಗೆ ತಲೆಗೆ ಹತ್ತಿರುವುದು ಆ ನೌಕೆಗಳ ಕಣ್ಣು. ಅಂದರೆ ಸೆನ್ಸರ್, ಸ್ಕ್ಯಾನರ್ ಅಂತ ಕರೆಯುತ್ತಾರಲ್ಲ, ಅದು. ಯಾಕೆ ಹತ್ತಿತು ಅನ್ನುವುದಕ್ಕೆ ಒಂದು ಸಣ್ಣ ಅವಮಾನದ ಕಾರಣ ಇದೆ, ಅದು ಆಮೇಲೆ. ಮೊದಲು ಇತಿಹಾಸ.

1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಅನ್ನುವ ಕಂಪ್ಯೂಟರಿನ ಮೇಲೆ 'ಸ್ಪೇಸ್‌ವಾರ್' ಅಂತ ಒಂದು ಆಟ ಬರೆದರು. ಒಂದೇ ಪರದೆ, ಎರಡು ನೌಕೆ, ಮಧ್ಯದಲ್ಲಿ ಎಳೆಯುವ ಒಂದು ನಕ್ಷತ್ರ. ಹಿಂದೆ ಕಾಣುವ ಆಕಾಶ ಕೂಡ ಸುಮ್ಮನೆ ಚುಕ್ಕಿ ಇಟ್ಟದ್ದಲ್ಲ. ಪೀಟರ್ ಸ್ಯಾಮ್ಸನ್ ಎಂಬಾತ ನಿಜವಾದ ನಕ್ಷತ್ರಗಳ ಪಟ್ಟಿ ಹಿಡಿದು ಕೂತು ಬಿಡಿಸಿದ್ದ. ಅಷ್ಟೆಲ್ಲಾ ಇದ್ದರೂ ಆ ಆಟದಲ್ಲಿ ಸೆನ್ಸರ್ ಅನ್ನುವ ಪದಕ್ಕೇ ಜಾಗ ಇಲ್ಲ. ಇಬ್ಬರಿಗೂ ಎಲ್ಲವೂ ಕಾಣುತ್ತದೆ. ಶತ್ರು ಎಲ್ಲಿದ್ದಾನೆ ಅಂತ ಹುಡುಕಬೇಕಿಲ್ಲ, ಪಕ್ಕದಲ್ಲೇ ಕೂತು ನಗುತ್ತಿರುತ್ತಾನೆ :-)

ಕಣ್ಣು ಬೇಕಾದದ್ದು ಪರದೆ ಇಲ್ಲದಾಗ.

1971ರ ಬೇಸಿಗೆ. ಕ್ಯಾಲಿಫೋರ್ನಿಯಾದಲ್ಲಿ ಮೈಕ್ ಮೇಫೀಲ್ಡ್ ಅನ್ನುವ ಹೈಸ್ಕೂಲು ಹುಡುಗ. ಅರ್ವೈನ್‌ನಲ್ಲಿದ್ದ ವಿಶ್ವವಿದ್ಯಾಲಯದ ಸಿಗ್ಮಾ-7 ಯಂತ್ರವನ್ನು ಬಳಸುವ ಅವಕಾಶ ಹೇಗೋ ಗಿಟ್ಟಿಸಿಕೊಂಡಿದ್ದ. ಅವನಿಗೆ ಸಿಕ್ಕಿದ್ದು ಟೆಲಿಟೈಪ್. ಅಂದರೆ ಟೈಪ್‌ರೈಟರಿನ ದೊಡ್ಡಣ್ಣ. ನೀವು ಕುಟ್ಟಿದ್ದು ಕಂಪ್ಯೂಟರಿಗೆ ಹೋಗುತ್ತದೆ, ಅದು ಹೇಳುವುದು ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ ಹತ್ತು ಅಕ್ಷರದಂತೆ ಕಟಕಟ ಅಂತ ಅಚ್ಚಾಗುತ್ತದೆ. ಇದರಲ್ಲಿ ಓಡುವ ನೌಕೆ ತೋರಿಸುವುದು ಸಾಧ್ಯವೇ ಇಲ್ಲ. ಆದರೆ ನೌಕೆಯ ಒಳಗೆ ಕೂತ ಕ್ಯಾಪ್ಟನ್‌ಗೆ ಬರುವ ವರದಿ ತೋರಿಸಬಹುದಲ್ಲ! 'ಸ್ಟಾರ್ ಟ್ರೆಕ್' ಧಾರಾವಾಹಿ ನಿಂತು ಆಗ ಎರಡು ವರ್ಷವಾಗಿತ್ತು. ಅದರಲ್ಲಿ ಕ್ಯಾಪ್ಟನ್ ಮಾಡುವ ಮುಖ್ಯ ಕೆಲಸ ಏನು? ಕುರ್ಚಿಯಲ್ಲಿ ಕೂತು "ಸೆನ್ಸರ್ ಏನು ಹೇಳುತ್ತಿದೆ?" ಅಂತ ಕೇಳುವುದು. ಹುಡುಗ ಅದನ್ನೇ ಆಟ ಮಾಡಿದ.

ಮರುವರ್ಷ ಅವನು ಎಚ್‌ಪಿ-35 ಕ್ಯಾಲ್ಕುಲೇಟರ್ ಕೊಂಡು, ಎಚ್‌ಪಿಯವರ ಮಾರಾಟ ಕಚೇರಿಗೆ ಹೋಗಿ ಬರುವುದು ಶುರುವಾಯಿತು. ನಮ್ಮ ಯಂತ್ರದ ಬೇಸಿಕ್ ಭಾಷೆಗೆ ನಿನ್ನ ಆಟ ಬರೆದುಕೊಡು, ಯಂತ್ರ ಬಳಸಿಕೋ ಅಂದರು. ಹಾಗೆ ಅದು ಎಚ್‌ಪಿಯ ಪ್ರೋಗ್ರಾಂ ಸಂಗ್ರಹಕ್ಕೆ ಸೇರಿತು. ಅಲ್ಲಿಂದ ಡಿಇಸಿ ಕಂಪನಿಯಲ್ಲಿದ್ದ ಡೇವಿಡ್ ಆಲ್ ಕೈಗೆ ಬಂದು, 1973ರಲ್ಲಿ ಅವರ '101 ಬೇಸಿಕ್ ಕಂಪ್ಯೂಟರ್ ಗೇಮ್ಸ್' ಪುಸ್ತಕದಲ್ಲಿ ಅಚ್ಚಾಯಿತು. 1974ರಲ್ಲಿ ಬಾಬ್ ಲೀಡಮ್ ಎಂಬ ಎಂಜಿನಿಯರ್ ಅದನ್ನು ಉಜ್ಜಿ ತಿದ್ದಿ 'ಸೂಪರ್ ಸ್ಟಾರ್ ಟ್ರೆಕ್' ಮಾಡಿದರು. 1978ರಲ್ಲಿ ಆಲ್ ಅವರ ಪುಸ್ತಕದ ಮೈಕ್ರೋಕಂಪ್ಯೂಟರ್ ಆವೃತ್ತಿಯಲ್ಲಿ ಇದೇ ಬಂತು. ಆ ಪುಸ್ತಕ ಹತ್ತು ಲಕ್ಷ ಪ್ರತಿ ಖರ್ಚಾಯಿತು. ಪುಸ್ತಕದಲ್ಲಿ ಇದ್ದದ್ದು ಬರೀ ಕೋಡು. ಜನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲು ಟೈಪ್ ಮಾಡುತ್ತಿದ್ದರು. ನಾವು ಇವತ್ತು ಕಾಪಿ-ಪೇಸ್ಟ್ ಮಾಡಿ ಸುಸ್ತಾಗುತ್ತೇವೆ.

ಈಗ ಆಟದ ಒಳಗೆ ಹೋಗೋಣ. ಇಡೀ ಗ್ಯಾಲಕ್ಸಿ ಎಂಟು ಸಾಲು, ಎಂಟು ಕಂಬ. ಒಟ್ಟು 64 ಕ್ವಾಡ್ರಂಟ್. ಪ್ರತಿ ಕ್ವಾಡ್ರಂಟಿನ ಒಳಗೆ ಮತ್ತೆ ಎಂಟಕ್ಕೆ ಎಂಟು ಸೆಕ್ಟರ್. ನಿಮ್ಮ ನೌಕೆಗೆ ಎರಡು ಕಣ್ಣು. ಒಂದು ಸಮೀಪದ್ದು, ಶಾರ್ಟ್ ರೇಂಜ್. ನೀವಿರುವ ಕ್ವಾಡ್ರಂಟಿನ 64 ಸೆಕ್ಟರನ್ನೂ ಚಿತ್ರದಂತೆ ಅಚ್ಚು ಹಾಕುತ್ತದೆ: ನೀವು ಇಲ್ಲಿ, ಕ್ಲಿಂಗಾನ್ ಅಲ್ಲಿ, ನಕ್ಷತ್ರಗಳು ಅಲ್ಲಲ್ಲಿ. ಪಕ್ಕದಲ್ಲಿ ಇಂಧನ, ಟಾರ್ಪೆಡೋ ಲೆಕ್ಕ. ಸುಮ್ಮನೆ ಲೆಕ್ಕ ಹಾಕಿದೆ: ಒಟ್ಟು ಐನೂರರ ಆಸುಪಾಸು ಅಕ್ಷರ. ಹಳೇ ಟೆಲಿಟೈಪಿನಲ್ಲಿ ಒಂದು ಸಲ ಸುತ್ತ ನೋಡಲು ಹೆಚ್ಚುಕಮ್ಮಿ ಐವತ್ತು ಸೆಕೆಂಡು!

ಇನ್ನೊಂದು ದೂರದ ಕಣ್ಣು, ಲಾಂಗ್ ರೇಂಜ್. ನೀವಿರುವ ಕ್ವಾಡ್ರಂಟ್ ಮತ್ತು ಸುತ್ತಲಿನ ಎಂಟು. ಇಲ್ಲಿ ಚಿತ್ರ ಇಲ್ಲ, ಪ್ರತಿ ಕ್ವಾಡ್ರಂಟಿಗೂ ಮೂರಂಕಿಯ ಒಂದು ಸಂಖ್ಯೆ ಅಷ್ಟೆ. 207 ಅಂದರೆ ಎರಡು ಕ್ಲಿಂಗಾನ್, ಸ್ಟಾರ್‌ಬೇಸ್ ಇಲ್ಲ, ಏಳು ನಕ್ಷತ್ರ. ನೂರರ ಸ್ಥಾನ ಶತ್ರು, ಹತ್ತರ ಸ್ಥಾನ ಆಶ್ರಯ, ಬಿಡಿ ಸ್ಥಾನ ನಕ್ಷತ್ರ. ಮೂರು ವಿಷಯ ಒಂದೇ ಸಂಖ್ಯೆಯಲ್ಲಿ ತುಂಬಿದ್ದಾರೆ, ಮೆಮೊರಿ ಉಳಿಸಲು. ನೂರಕ್ಕೆ ಎಂಬತ್ತು ಕ್ವಾಡ್ರಂಟುಗಳಲ್ಲಿ ಕ್ಲಿಂಗಾನೇ ಇರುವುದಿಲ್ಲ. 64ರಲ್ಲಿ ಸರಾಸರಿ ಹದಿನೇಳು ಶತ್ರುಗಳು. ಹಾಗಾಗಿ ಆಟದ ಬಹುಪಾಲು ಹೊಡೆದಾಟ ಅಲ್ಲ, ಹುಡುಕಾಟ. ದೊಡ್ಡವರ ಕಣ್ಣಾಮುಚ್ಚಾಲೆ.

ನೌಕೆಯ ಕಂಪ್ಯೂಟರು ನೀವು ನೋಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಕೇಳಿದರೆ ಇಡೀ ಗ್ಯಾಲಕ್ಸಿಯ ಪಟ್ಟಿ ಕೊಡುತ್ತದೆ. ಇನ್ನೂ ನೋಡದ ಕ್ವಾಡ್ರಂಟ್ ಇದ್ದರೆ ಅಲ್ಲಿ ಸಂಖ್ಯೆಯ ಬದಲು ಮೂರು ನಕ್ಷತ್ರ ಚಿಹ್ನೆ: *

ನನ್ನ ಅವಮಾನದ ಕಥೆ ಇಲ್ಲಿಂದ ಶುರು.

ಒಂದು ಶನಿವಾರ ಮಳೆ, ಎಲ್ಲೂ ಹೋಗುವ ಹಾಗಿರಲಿಲ್ಲ. ಆ ಹಳೇ ಬೇಸಿಕ್ ಕೋಡನ್ನು ಪೈಥಾನ್‌ಗೆ ಇಳಿಸೋಣ ಅಂತ ಕೂತೆ. ಅರ್ಧ ದಿನದಲ್ಲಿ ಮುಗಿಯಿತು. ಪಟ್ಟಿ ಅಚ್ಚು ಹಾಕುವ ಜಾಗದಲ್ಲಿ ಒಂದು 'ಸಂಖ್ಯೆ ಸೊನ್ನೆಯಾಗಿದ್ದರೆ ಮೂರು ನಕ್ಷತ್ರ ಹಾಕು' ಅನ್ನುವ ಸಾಲು ಇತ್ತು. ಅಲಂಕಾರಕ್ಕೆ ಇರಬೇಕು ಅಂದುಕೊಂಡು ಬಿಟ್ಟೆ. ನನ್ನದರಲ್ಲಿ ಅಚ್ಚುಕಟ್ಟಾಗಿ 000 ಬರುತ್ತಿತ್ತು. ಆಡಿದೆ. ಪಟ್ಟಿ ನೋಡಿದರೆ ಬಲಗಡೆಯ ಮೂಲೆ ಪೂರ್ತಿ 000, ಖಾಲಿ, ಅಲ್ಲಿಗೆ ಹೋಗುವುದು ದಂಡ. ಎಡಗಡೆಯೇ ಸುತ್ತಿ ಸುತ್ತಿ ದಿನಗಳೆಲ್ಲ ಮುಗಿದು ಸೋತೆ. ನಾಲ್ಕು ಕ್ಲಿಂಗಾನ್ ಉಳಿದಿದ್ದವು. ಎಲ್ಲಿ? ಬಲಗಡೆಯ ಮೂಲೆಯಲ್ಲಿ.

ಅಲ್ಲಿ 000 ಅಂದರೆ ಖಾಲಿ ಅಲ್ಲ, ನಾನು ನೋಡೇ ಇಲ್ಲ ಅಂತ! ಬರೆದದ್ದು ನಾನೇ, ಮರುಳಾದದ್ದೂ ನಾನೇ.

ಆಮೇಲೆ ಕೋಡನ್ನು ಸರಿಯಾಗಿ ಓದಿದೆ. ಹಳೇ ಬೇಸಿಕ್‌ನಲ್ಲಿ 'ಗೊತ್ತಿಲ್ಲ' ಅಂತ ಹೇಳುವ ಬೆಲೆಯೇ ಇಲ್ಲ, ನಮ್ಮ ನಲ್, ನನ್ ಯಾವುದೂ ಇಲ್ಲ. ಅರೇ ಶುರುವಾಗುವುದೇ ಸೊನ್ನೆಯಿಂದ. ಹಾಗಿದ್ದರೆ ನೋಡಿದ ಖಾಲಿ ಜಾಗ ಮತ್ತು ನೋಡದ ಜಾಗ ಎರಡನ್ನೂ ಬೇರೆ ಮಾಡುವುದು ಹೇಗೆ? ಉಪಾಯ ನಕ್ಷತ್ರಗಳಲ್ಲಿತ್ತು. ಪ್ರತಿ ಕ್ವಾಡ್ರಂಟಿಗೂ ಒಂದರಿಂದ ಎಂಟರವರೆಗೆ ನಕ್ಷತ್ರ ಇದ್ದೇ ಇರುತ್ತದೆ, ಸೊನ್ನೆ ಎಂದೂ ಬರದಂತೆ ಸೂತ್ರ ಬರೆದಿದ್ದಾರೆ. ಹಾಗಾಗಿ ಎಷ್ಟೇ ಖಾಲಿ ಜಾಗವಾದರೂ ನೋಡಿದ್ದರೆ ಕನಿಷ್ಠ 001. ಸೊನ್ನೆ ಪೂರ್ತಿಯಾಗಿ ಅಜ್ಞಾನಕ್ಕೆ ಮೀಸಲು. ಬೇಕಂತಲೇ ಹಾಗೆ ಮಾಡಿದರೋ, ಕೂಡಿಬಂತೋ, ನನಗಂತೂ ಎದ್ದು ನಿಂತು ಕೈಮುಗಿಯಬೇಕು ಅನ್ನಿಸಿತು.

ಕೈಮುಗಿಯುವಷ್ಟು ಯಾಕೆ ಅಂದರೆ, ಅದಕ್ಕೆ ಮೂರು ವಾರ ಹಿಂದೆ ಆಫೀಸಿನಲ್ಲಿ ಇದೇ ತಪ್ಪು ಮಾಡಿ ಬೈಸಿಕೊಂಡಿದ್ದೆ. ನನ್ನ ಆನ್-ಕಾಲ್ ವಾರ. ರಾತ್ರಿ ಎರಡು ಗಂಟೆಗೆ ಫೋನು ಒಂದು ಸಲ ಗುಂಯ್ ಅಂತು, ಸುಮ್ಮನಾಯಿತು. ಎದ್ದು ಲ್ಯಾಪ್‌ಟಾಪ್ ತೆಗೆದು ಡ್ಯಾಶ್‌ಬೋರ್ಡ್ ನೋಡಿದೆ. ಎರರ್ ಸೊನ್ನೆ. ನೆಲಕ್ಕೆ ಅಂಟಿದ ಹಸಿರು ಗೆರೆ. ಸದ್ಯ ಅಂತ ಮಲಗಿದೆ. ಬೆಳಿಗ್ಗೆ ನೋಡಿದರೆ ಐದು ಗಂಟೆ ಕಾಲ ಗ್ರಾಹಕರ ಯಾವ ಆರ್ಡರೂ ಹೋಗಿರಲಿಲ್ಲ. ಎರರ್ ಎಣಿಸುವ ಪ್ರೋಗ್ರಾಮೇ ಸತ್ತು ಬಿದ್ದಿತ್ತು. ಎಣಿಸುವವರು ಇಲ್ಲದಿದ್ದರೆ ಲೆಕ್ಕ ಸೊನ್ನೆ ತಾನೆ! "ರಾತ್ರಿ ನೀನು ನೋಡ್ಲೇ ಇಲ್ವಾ?" ಅಂತ ಲೀಡ್ ಕೇಳಿದರು. "ನೋಡಿದ್ದೆ, ಸೊನ್ನೆ ಇತ್ತು" ಅಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. (ಆಮೇಲೆ ಬೈದರು ಕೂಡ.)

1971ರ ಹೈಸ್ಕೂಲು ಹುಡುಗನ ಆಟದಿಂದ ಬೆಳೆದ ಕೋಡಿಗೆ ತಿಳಿದಿದ್ದ ವಿಷಯ ನಮ್ಮ ಡ್ಯಾಶ್‌ಬೋರ್ಡಿಗೆ ತಿಳಿದಿರಲಿಲ್ಲ. ಅಲ್ಲಿಂದ ಶುರುವಾದದ್ದು ಈ ಹುಚ್ಚು. ಬೇರೆ ಆಟಗಳಲ್ಲಿ 'ನನಗೆ ಗೊತ್ತಿಲ್ಲ' ಅನ್ನುವುದನ್ನು ಹೇಗೆ ಹೇಳಿದ್ದಾರೆ ಅಂತ ಹುಡುಕುತ್ತಾ ಹೋದೆ.

ಸೂಪರ್ ಸ್ಟಾರ್ ಟ್ರೆಕ್‌ನಲ್ಲಿ ಸೆನ್ಸರ್ ಕೆಡುತ್ತದೆ. ಹಾರುವಾಗ ಐದರಲ್ಲಿ ಒಂದು ಸಲ ಎಂಟು ಉಪಕರಣಗಳಲ್ಲಿ ಯಾವುದೋ ಒಂದಕ್ಕೆ ಏನೋ ಆಗುತ್ತದೆ, ಕೆಡಬಹುದು, ಕೆಟ್ಟದ್ದು ಸರಿಯಾಗಲೂಬಹುದು. ಆದರೆ ಕೆಟ್ಟರೆ 'ಸೆನ್ಸರ್ ಕೆಲಸ ಮಾಡುತ್ತಿಲ್ಲ' ಅಂತ ಪ್ರಾಮಾಣಿಕವಾಗಿ ಹೇಳುತ್ತದೆ. ಸುಳ್ಳು ಹೇಳುವ ಸೆನ್ಸರ್ ಬಂದದ್ದು ಅಟಾರಿಯ 'ಸ್ಟಾರ್ ರೈಡರ್ಸ್'ನಲ್ಲಿ. 1979ರ ಹೊತ್ತಿಗೆ ಡಗ್ ನ್ಯೂಬಾಯರ್ ಬರೆದದ್ದು, ಇಡೀ ಆಟ 8 ಕಿಲೋಬೈಟ್. (ಈ ಲೇಖನದ ಕನ್ನಡ ಯೂನಿಕೋಡ್ ಫೈಲೇ ಅದಕ್ಕಿಂತ ಎಷ್ಟೋ ದೊಡ್ಡದು!) ಮೇಫೀಲ್ಡನ ಆಟದ ಗ್ಯಾಲಕ್ಸಿ ನಕ್ಷೆ, ದೂರದ ಸ್ಕ್ಯಾನ್ ಎಲ್ಲಾ ಇದರಲ್ಲೂ ಇವೆ, ಆದರೆ ಈಗ ಕಿಟಕಿಯ ಹೊರಗೆ ನಕ್ಷತ್ರಗಳು ನಿಜವಾಗಿ ಸರಿಯುತ್ತವೆ. ಪೆಟ್ಟು ಬಿದ್ದ ಲಾಂಗ್ ರೇಂಜ್ ಸ್ಕ್ಯಾನ್ ಇಲ್ಲಿ ನಿಜವಾದ ಶತ್ರುವಿನ ಜೊತೆ ಇಲ್ಲದ ಬಿಂಬವನ್ನೂ ತೋರಿಸುತ್ತದೆ. ಯಾವುದು ಯಾವುದು ಅಂತ ನೀವೇ ಹಾರಿ ಹೋಗಿ ನೋಡಬೇಕು.

ನನಗೆ ಇನ್ನೂ ಹಿಡಿಸಿದ್ದು ರೇಡಿಯೋ. ಮೇಫೀಲ್ಡನ ಕ್ಲಿಂಗಾನ್‌ಗಳು ತಮ್ಮ ಕ್ವಾಡ್ರಂಟ್ ಬಿಟ್ಟು ಹೋಗುವುದಿಲ್ಲ, ಒಮ್ಮೆ ನೋಡಿದ್ದು ಕೊನೆಯವರೆಗೂ ನಿಜ. ಸ್ಟಾರ್ ರೈಡರ್ಸ್‌ನ ಶತ್ರುಗಳಾದ ಝೈಲಾನ್‌ಗಳು ಹಾಗಲ್ಲ. ನೀವು ಇಲ್ಲಿ ಹೊಡೆದಾಡುತ್ತಿರುವಾಗ ಅವರು ಅಲ್ಲಿ ಸ್ಟಾರ್‌ಬೇಸಿನ ಕಡೆ ನಡೆಯುತ್ತಿರುತ್ತಾರೆ, ಸುತ್ತುವರಿದು ನಾಶ ಮಾಡುತ್ತಾರೆ. ಇದೆಲ್ಲ ನಿಮ್ಮ ನಕ್ಷೆಯಲ್ಲಿ ಕಾಣುವುದು ರೇಡಿಯೋ ಮೂಲಕ. ರೇಡಿಯೋ ಹಾಳಾದರೆ ನಕ್ಷೆ ಮಾಯವಾಗುವುದಿಲ್ಲ, ಹಾಗೇ ಇರುತ್ತದೆ. ಬದಲಾಗುವುದಿಲ್ಲ ಅಷ್ಟೆ. ಹಳಸಿದ ನಕ್ಷೆ, ಹೊಸದರ ಥರವೇ ಕಾಣುತ್ತದೆ. ಸುಳ್ಳು ಬಿಂಬಕ್ಕಿಂತ ಇದು ಭಯಂಕರ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಅದರಲ್ಲಿರುವುದೆಲ್ಲ ಒಂದು ಕಾಲದಲ್ಲಿ ನಿಜವೇ ಆಗಿತ್ತು.

1984ರ 'ಎಲೀಟ್' ಬಗ್ಗೆ ಹೇಳದಿದ್ದರೆ ಇಂಗ್ಲೆಂಡಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಕೇಂಬ್ರಿಡ್ಜಿನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್, ಬಿಬಿಸಿ ಮೈಕ್ರೋ ಯಂತ್ರಕ್ಕೆ ಬರೆದರು. ಅವರ ಮುಂದಿದ್ದ ಪ್ರಶ್ನೆ ಬೇರೆ: ಮೂರು ಆಯಾಮದಲ್ಲಿ ಮೇಲೆ ಕೆಳಗೆ ಹಿಂದೆ ಮುಂದೆ ಎಲ್ಲೆಲ್ಲೂ ಶತ್ರು, ತೋರಿಸಲು ಇರುವುದು ಚಪ್ಪಟೆ ಪರದೆಯ ಒಂದು ಚೂರು. ಅವರು ಕೆಳಗೆ ಒಂದು ಅಂಡಾಕಾರ ಬಿಡಿಸಿದರು, ತಟ್ಟೆಯನ್ನು ಓರೆಯಾಗಿ ನೋಡಿದ ಹಾಗೆ. ಪ್ರತಿ ನೌಕೆಗೂ ಒಂದು ಚುಕ್ಕಿ, ಚುಕ್ಕಿಯಿಂದ ತಟ್ಟೆಗೆ ಒಂದು ಕಡ್ಡಿ. ಕಡ್ಡಿ ತಟ್ಟೆ ಮುಟ್ಟುವ ಜಾಗ ನೋಡಿದರೆ ದಿಕ್ಕು ಮತ್ತು ದೂರ, ಕಡ್ಡಿಯ ಉದ್ದ ನೋಡಿದರೆ ಎತ್ತರ. ಅಷ್ಟೇ. ವಿವರಿಸಲು ನನಗೆ ಇಷ್ಟು ಸಾಲು ಬೇಕಾಯಿತು, ಆಡುವವನಿಗೆ ಹತ್ತು ಸೆಕೆಂಡು ಸಾಕು. ಅದೂ ಅಲ್ಲದೆ ಪರದೆಯ ಮೇಲ್ಭಾಗ ಕಪ್ಪುಬಿಳುಪಿನ ಸೂಕ್ಷ್ಮ ಗೆರೆಗಳು, ಸ್ಕ್ಯಾನರ್ ಇರುವ ಕೆಳಭಾಗ ಮಾತ್ರ ಬಣ್ಣ. ಆ ಯಂತ್ರ ಒಂದು ಸಲಕ್ಕೆ ಒಂದೇ ರೀತಿ ತೋರಿಸಬಲ್ಲದು. ಟೈಮರ್ ಇಟ್ಟು, ಪರದೆ ಅರ್ಧ ಬಿಡಿಸಿದ ಕ್ಷಣಕ್ಕೆ ಸರಿಯಾಗಿ ಮೋಡ್ ಬದಲಿಸುತ್ತಿದ್ದರು, ಪ್ರತಿ ಫ್ರೇಮಿಗೂ. ಮೂವತ್ತು ವರ್ಷದ ಮೇಲೆ, 2014ರಲ್ಲಿ 'ಎಲೀಟ್ ಡೇಂಜರಸ್' ಬಂದಾಗಲೂ ಅದೇ ತಟ್ಟೆ, ಅದೇ ಕಡ್ಡಿ ಇತ್ತು. ಅದರಲ್ಲಿ ಒಂದು ಒಳ್ಳೆಯ ಸೇರ್ಪಡೆ: ನೌಕೆ ಕಾಣುವುದು ಅದರ ಬಿಸಿಯಿಂದ. ಶಾಖ ಹೊರಬಿಡುವ ಕಿಂಡಿಗಳನ್ನು ಮುಚ್ಚಿದರೆ ಶತ್ರುವಿಗೆ ಸರಿಯಾಗಿ ಕಾಣುವುದಿಲ್ಲ, ಆದರೆ ಒಳಗೆ ನೀವೇ ಬೇಯುತ್ತೀರಿ. ಭೌತಶಾಸ್ತ್ರದ ಮಟ್ಟಿಗೂ ಇದು ಸುಮಾರಾಗಿ ನ್ಯಾಯವಾದ ಮಾತು. ಹಿನ್ನೆಲೆ ಆಕಾಶದ ತಾಪ ಕೇವಲ 2.7 ಕೆಲ್ವಿನ್, ಅದರ ಮುಂದೆ ಮನುಷ್ಯರಿರುವ ಯಾವ ನೌಕೆಯೂ ಕತ್ತಲಲ್ಲಿ ಇಟ್ಟ ಕೆಂಡ.

ನಮ್ಮ ಕಸುಬಿನವರಿಗೆ ನಗು ಬರಿಸುವ ಸೆನ್ಸರ್ ಇರುವುದು 'ಈವ್ ಆನ್‌ಲೈನ್'ನಲ್ಲಿ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಬಿಡುಗಡೆ ಮಾಡಿದ್ದು, ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡುವ ಆಟ. ಅದರ ಡೈರೆಕ್ಷನಲ್ ಸ್ಕ್ಯಾನರಿನ ಗರಿಷ್ಠ ವ್ಯಾಪ್ತಿ ಸುಮಾರು 14.3 ಖಗೋಳ ಮಾನ, ಅಂದರೆ ಭೂಮಿ-ಸೂರ್ಯರ ದೂರದ ಹದಿನಾಲ್ಕು ಪಟ್ಟು ಚಿಲ್ಲರೆ. ಇದೆಂಥ ವಿಚಿತ್ರ ಸಂಖ್ಯೆ? ಯಾವ ಭೌತಶಾಸ್ತ್ರದಿಂದ ಬಂತು? ಕಿಲೋಮೀಟರಿಗೆ ಬದಲಿಸಿ ನೋಡಿ: 2,147,483,647. ಗುರುತು ಸಿಕ್ಕಿತಾ? 32 ಬಿಟ್ಟಿನ ಸೈನ್ಡ್ ಇಂಟಿಜರಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ! ಆ ವಿಶ್ವದ ಕಣ್ಣಿನ ಮಿತಿ ಬೆಳಕಿನದ್ದಲ್ಲ, ವೇರಿಯಬಲ್ಲಿನದ್ದು.

ಆ ದೂರ ದಾಟಲು ನಿಜವಾದ ಬೆಳಕಿಗೆ ಎರಡು ಗಂಟೆ ಬೇಕು. ಆಟದಲ್ಲಿ ಬಟನ್ ಒತ್ತಿದ ಕೂಡಲೇ ಉತ್ತರ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆಗೆ ಸೇರಿದ ಬೆಳಿಗ್ಗೆ ನೆನಪಿದೆಯಾ? ನಾನಾಗ ಪಿಯುಸಿ, ಟಿವಿ ಮುಂದೆ ಕೂತಿದ್ದೆ. ಬೆಂಗಳೂರಿನ ಇಸ್ಟ್ರಾಕ್‌ನಲ್ಲಿ ಎಲ್ಲರೂ ಉಸಿರು ಹಿಡಿದು ಕೂತಿದ್ದರು. ಮಂಗಳದಿಂದ ಸಂಕೇತ ಬರಲು ಹನ್ನೆರಡೂವರೆ ನಿಮಿಷ, ಅದರ ಮೇಲೆ ನೌಕೆ ಗ್ರಹದ ಮರೆಯಲ್ಲಿ. ಅಷ್ಟೂ ಹೊತ್ತು ಅವರ ಪರದೆಯ ಮೇಲೆ ಇದ್ದದ್ದು * ತಾನೆ.

ಈವ್‌ನ ಸ್ಕ್ಯಾನರಿಗೆ ಇನ್ನೊಂದು ಗುಣ ಇದೆ. ಕ್ಲೋಕ್ ಹಾಕಿಕೊಂಡು ಅಡಗಿದ ನೌಕೆ ಅದರಲ್ಲಿ ಕಾಣುವುದಿಲ್ಲ. ಪಟ್ಟಿ ಖಾಲಿ ಇದೆ ಅಂದರೆ ಯಾರೂ ಇಲ್ಲ ಅಂತಲೂ ಆಗಬಹುದು, ಯಾರೋ ಪಕ್ಕದಲ್ಲೇ ಕಾದು ಕೂತಿದ್ದಾರೆ ಅಂತಲೂ ಆಗಬಹುದು. ಜನರನ್ನು ಕಾಪಾಡುತ್ತಿದ್ದದ್ದು ನಿಜವಾಗಿ ಸೆನ್ಸರ್ ಅಲ್ಲ, ಮಾತಾಡಲು ಇಟ್ಟ 'ಲೋಕಲ್' ಚಾಟ್! ಆ ಸೌರವ್ಯೂಹಕ್ಕೆ ಯಾರೇ ಬಂದರೂ ಹೆಸರು ಆ ಪಟ್ಟಿಯಲ್ಲಿ ತಾನಾಗಿ ಬರುತ್ತದೆ. ಹೊಸ ಹೆಸರು ಕಂಡರೆ ಗಣಿ ಕೆಲಸ ಬಿಟ್ಟು ಓಡು. 2009ರ ಮಾರ್ಚಿನಲ್ಲಿ ಬಂದ ವರ್ಮ್‌ಹೋಲ್ ಪ್ರದೇಶಗಳಲ್ಲಿ ಈ ಸೌಕರ್ಯ ಇರಲಿಲ್ಲ, ನೀವು ಬಾಯಿ ಬಿಟ್ಟರೆ ಮಾತ್ರ ಹೆಸರು ಬರುತ್ತಿತ್ತು. ಅಲ್ಲಿಗೆ ಹೋಗುವವರು ಬೇಕಂತಲೇ ಹೋಗುತ್ತಿದ್ದರು. ಆದರೆ 2019ರ ಜುಲೈಯಲ್ಲಿ ಸಿಸಿಪಿ ಇದೇ ನಿಯಮವನ್ನು ನಲ್‌ಸೆಕ್ ಅನ್ನುವ, ಆಟಗಾರರೇ ಆಳುವ ದೊಡ್ಡ ಪ್ರದೇಶಕ್ಕೆಲ್ಲ ಹಾಕಿತು. 'ಬ್ಲ್ಯಾಕೌಟ್' ಅಂತ ಹೆಸರು. ಬೇಟೆಗಾರರು ಕುಣಿದಾಡಿದರು, ಉಳಿದವರಲ್ಲಿ ಎಷ್ಟೋ ಜನ ಲಾಗಿನ್ ಆಗುವುದನ್ನೇ ಬಿಟ್ಟರು. ಸೆಪ್ಟೆಂಬರಿನಲ್ಲಿ ವಾಪಸ್ ತೆಗೆದರು. ಗೊತ್ತಿಲ್ಲದಿರುವುದರ ಜೊತೆ ಬದುಕುವುದು ಎಷ್ಟು ಜನಕ್ಕೆ ಆಗುತ್ತದೆ ಅನ್ನುವುದಕ್ಕೆ ಇಷ್ಟು ದೊಡ್ಡ ಪ್ರಯೋಗ ಇನ್ನೊಂದಿಲ್ಲವೇನೋ.

ಕೊನೆಯದು ನನ್ನ ಹಾಸ್ಟೆಲ್ ದಿನಗಳ ಆಟ, 'ಎಫ್‌ಟಿಎಲ್'. 2012ರದ್ದು, ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಮಾಡಿದ್ದು. ನೆಟ್ಟಿನಲ್ಲಿ ಜನರ ಹತ್ತಿರ ಹತ್ತು ಸಾವಿರ ಡಾಲರ್ ಕೇಳಿದರೆ ಎರಡು ಲಕ್ಷದ ಮೇಲೆ ಕೊಟ್ಟರು. ಇದರಲ್ಲಿ ಸೆನ್ಸರನ್ನು ಹಂತಹಂತವಾಗಿ ದುಡ್ಡು ಕೊಟ್ಟು ಬೆಳೆಸಬೇಕು. ಮೊದಲ ಹಂತದಲ್ಲಿ ಕಾಣುವುದು ಶತ್ರುವಿನ ನೌಕೆ ಅಲ್ಲ, ನಿಮ್ಮದೇ ನೌಕೆಯ ಒಳಗೆ! ಎರಡರಲ್ಲಿ ಶತ್ರುವಿನ ನೌಕೆಯ ಒಳಗೆ, ಮೂರರಲ್ಲಿ ಅವನ ಆಯುಧ ಎಷ್ಟು ತಯಾರಾಗಿದೆ ಅಂತ. ನೆಬ್ಯುಲಾ ಒಳಗೆ ಹೊಕ್ಕರೆ ಸೆನ್ಸರ್ ಪೂರ್ತಿ ಬಂದ್. ಆಗ ನಿಮ್ಮ ಸಿಬ್ಬಂದಿ ನಿಂತಿರುವ ಕೋಣೆ ಮಾತ್ರ ಕಾಣುತ್ತದೆ, ಉಳಿದದ್ದು ಕತ್ತಲೆ. ಒಂದು ರಾತ್ರಿ, ಮಾರನೇ ದಿನ ಇಂಟರ್ನಲ್ಸ್ ಇಟ್ಟುಕೊಂಡು, ಹುಬ್ಬಳ್ಳಿಯ ರೂಮ್‌ಮೇಟ್ ಜೊತೆ ಆಡುತ್ತಿದ್ದೆ. ಕತ್ತಲೆ ಕೋಣೆಯೊಂದರಲ್ಲಿ ಬೆಂಕಿ ಹತ್ತಿದೆ, ನಮಗೆ ಗೊತ್ತೇ ಇಲ್ಲ, ನಾವು ಹೊರಗಿನ ಶತ್ರುವನ್ನೇ ನೋಡುತ್ತಿದ್ದೇವೆ. "ಲೇ, ಒಬ್ಬಾವ್ನ ಆ ಕ್ವಾಣ್ಯಾಗ ಕಳ್ಸಿ ನೋಡೋ" ಅಂತ ಅವನು ಅಂದ. ಯಾಕೆ ಬೇಕು, ಏನೂ ಕಾಣ್ತಿಲ್ವಲ್ಲ ಅಂದೆ. "ಕಾಣ್ವಲ್ದು ಅಂತನ ನೋಡು ಅನ್ನಾಕತ್ತೇನಿ" ಅಂದ. ನಾನು ಕಳಿಸಲಿಲ್ಲ, ನೌಕೆ ಹೋಯಿತು. ಇಂಟರ್ನಲ್ಸ್ ಕಥೆ ಕೇಳಬೇಡಿ. ಹತ್ತು ವರ್ಷದ ಹಿಂದೆಯೇ ಇದನ್ನು ಒಬ್ಬ ನನಗೆ ಬಾಯಿ ಬಿಟ್ಟು ಹೇಳಿದ್ದ ಅಂತ ಈ ಲೇಖನ ಬರೆಯುವಾಗಲೇ ನೆನಪಾದದ್ದು.

ನನ್ನ ಪೈಥಾನ್ ಆಟದಲ್ಲಿ ಈಗ ಮೂರು ನಕ್ಷತ್ರದ ಸಾಲನ್ನು ವಾಪಸ್ ಹಾಕಿದ್ದೇನೆ. ಜೊತೆಗೆ ಝೈಲಾನ್‌ಗಳ ಥರ ಕ್ಲಿಂಗಾನ್‌ಗಳೂ ನಡೆಯುವಂತೆ ಮಾಡಿ, ಪ್ರತಿ ಸಂಖ್ಯೆಯ ಪಕ್ಕ ಅದನ್ನು ನೋಡಿದ ದಿನಾಂಕವನ್ನೂ ಅಚ್ಚು ಹಾಕುತ್ತೇನೆ. ಆಟ ಮೊದಲಿಗಿಂತ ಕಷ್ಟ ಆಗಿದೆ, ಈವರೆಗೆ ಒಂದೇ ಸಲ ಗೆದ್ದದ್ದು. ಆಫೀಸಿನ ಡ್ಯಾಶ್‌ಬೋರ್ಡನ್ನೂ ಬದಲಿಸಿದೆವು. ಲೆಕ್ಕ ಬರುವುದು ನಿಂತರೆ ಹಸಿರು ಗೆರೆ ಹೋಗಿ ಬೂದು ಬಣ್ಣದ ಪಟ್ಟಿ ಬರುತ್ತದೆ, ಫೋನು ಹೊಡೆದುಕೊಳ್ಳುತ್ತದೆ. ಅಲ್ಲೂ ಮೂರು ನಕ್ಷತ್ರ ಹಾಕೋಣ ಸಾರ್ ಅಂದೆ. ಲೀಡ್ ಒಪ್ಪಲಿಲ್ಲ.